ಉದ್ದ ಸಾಹೇಬರ ಗಿಡ್ಡ ಅಂಗಿ

ಹೊಲಿಗೆ ಅಂಗಡಿ, ದಂಡಿನ ಗೇಟಿನ ಎದುರು
ಹದಿನಾಲ್ಕನೇ ತಾರೀಕು, ಸೋಮವಾರ ಬೆಳಿಗ್ಗೆ

ಪ್ರೀತಿಯ ಮಗಳೇ,

ಹೇಗಿದ್ದೀಯ? ಕನ್ನಡಕದ ಗಾಜು ಉಜ್ಜಿ ಉಜ್ಜಿ ನಿನ್ನ ಬಲಗೈ ಮಣಿಕಟ್ಟು ಊದಿಕೊಂಡಿದೆ ಎಂದು ನಿನ್ನ ಅಮ್ಮನಿಗೆ ನೀನು ಬರೆದ ಕಾಗದದಲ್ಲಿ ಓದಿದೆ. ಹೌದು, ಓದುತ್ತೇನೆ. ಆ ಕಾಗದಗಳಲ್ಲಿ ಎಲ್ಲೂ ನನ್ನ ಹೆಸರಿರುವುದಿಲ್ಲ, ‘ಅಪ್ಪ ಹೇಗಿದ್ದಾರೆ’ ಎಂಬ ಒಂದು ಸಾಲೂ ಇರುವುದಿಲ್ಲ. ಆದರೂ ಅವಳು ಓದಿ ಮುಗಿಸಿ ಮೇಜಿನ ಮೇಲೆ ಬಿಚ್ಚಿಟ್ಟೇ ಅಡುಗೆಮನೆಗೆ ಹೋಗುತ್ತಾಳೆ, ಬೇಕಂತಲೇ. ಮಣಿಕಟ್ಟಿಗೆ ಬಿಸಿನೀರಿನಲ್ಲಿ ಉಪ್ಪು ಹಾಕಿ ಶಾಖ ಕೊಡು, ಕೆಲಸ ಮಾಡುವಾಗ ಉಣ್ಣೆ ಬಟ್ಟೆಯ ಪಟ್ಟಿ ಸುತ್ತಿಕೋ. ನಲವತ್ತು ವರ್ಷ ಕತ್ತರಿ ಹಿಡಿದವನ ಮಾತು ಇದು, ಈ ಒಂದು ವಿಷಯದಲ್ಲಾದರೂ ನಂಬು. ಅಮ್ಮನ ಮಂಡಿ ಹಾಗೇ ಇದೆ, ಮೆಟ್ಟಿಲು ಹತ್ತುವಾಗ ದೇವರನ್ನೂ ನನ್ನನ್ನೂ ಒಟ್ಟಿಗೆ ಬಯ್ಯುತ್ತಾಳೆ. ನನ್ನ ಎಡಗಣ್ಣಿಗೆ ಪೊರೆ ಬಂದಿದೆ. ಸೂಜಿಗೆ ಎರಡು ಕಣ್ಣು ಕಾಣುತ್ತವೆ, ಯಾವುದರಲ್ಲಿ ಪೋಣಿಸಿದರೂ ದಾರ ಹೊರಗೇ ಹೋಗುತ್ತದೆ. ನಗಬೇಡ. ನಕ್ಕರೂ ಪರವಾಗಿಲ್ಲ, ನೀನು ನಕ್ಕು ಐದು ವರ್ಷವಾಯಿತು.

ನೀನು ಮನೆಬಿಟ್ಟ ದಿನ ಬಾಗಿಲಲ್ಲಿ ನಿಂತು ಹೇಳಿದ ಮಾತು ನನಗೆ ಇನ್ನೂ ಕೇಳುತ್ತದೆ: “ಅಪ್ಪಾ, ಸೂಜಿ ಮಾತ್ರ ನಿನ್ನದು. ದಾರ ಪೋಣಿಸ್ತಿರೋದು ಅವರು.” ಅವತ್ತು ನಿನಗೆ ಹೊಡೆಯಲು ಕೈ ಎತ್ತಿದ್ದೆ. ಆ ಕೈಯನ್ನು ಏನು ಮಾಡಬೇಕೆಂದು ಈಗಲೂ ತಿಳಿಯುತ್ತಿಲ್ಲ. ಈ ಕಾಗದ ಉದ್ದ ಇದೆ. ನಿಂತು ಓದಬೇಡ, ಕೂತು ಓದು.

ಆ ಮರಳುಬಣ್ಣದ ಸಮವಸ್ತ್ರಗಳು ಮೊದಲ ಸಲ ಬಂದ ಬೇಸಿಗೆ ನಿನಗೆ ನೆನಪಿರಬೇಕು. ಅಲ್ಲಿಯವರೆಗೆ ದಂಡಿನವರದೆಲ್ಲ ಕಾಡಿನ ಹಸಿರು. ಯುದ್ಧ ಮಾತ್ರ ಹೇಳದೆ ಕೇಳದೆ ಮರಳುಗಾಡಿನಲ್ಲಿ ಹೊತ್ತಿಕೊಂಡಿತು. ಅವಸರದಲ್ಲಿ ಯಾವುದೋ ಗಿರಣಿಯಲ್ಲಿ ಹೊಸ ಬಟ್ಟೆ ಅಚ್ಚು ಹಾಕಿಸಿದರು. ತಿಳಿ ಮರಳಿನ ಮೇಲೆ ಕಂದು ಬಣ್ಣದ ಅಲೆ, ಅದರ ಮೇಲೆ ಯಾರೋ ಬಿಸ್ಕತ್ತಿನ ಚೂರು ಚೆಲ್ಲಿದ ಹಾಗೆ ಕಪ್ಪು ಚುಕ್ಕೆ. ಅಂಗಿಗಳೇನೋ ಬಂದವು, ಹುದ್ದೆ ತೋರಿಸಲು ಅವಕ್ಕೆ ಹೊಲಿಯುವ ಬಟ್ಟೆಯ ಬಿಲ್ಲೆಗಳು ಬರಲಿಲ್ಲ. ಹಳೆಯ ಹಸಿರು ಬಿಲ್ಲೆಗಳನ್ನೇ ಹೊಲಿದು ಕಳಿಸಿದೆವು, ಸಿಪಾಯಿಗಳ ಗೆರೆ ತೋಳಿಗೆ, ಅಧಿಕಾರಿಗಳ ನಕ್ಷತ್ರ ಕಾಲರಿಗೆ. ಎರಡೇ ತಿಂಗಳಲ್ಲಿ ಅವೇ ಅಂಗಿಗಳು ಮೂಟೆ ಮೂಟೆಯಾಗಿ ವಾಪಸ್ಸು ಬಂದವು. ಮರಳಿನ ಮೇಲೆ ಅಂಗೈಯಗಲದ ಹಸಿರು ಅರ್ಧ ಮೈಲಿಯಿಂದ ಕಾಣುತ್ತಿತ್ತಂತೆ. ಉಗ್ರಾಣದವನು ಮೂಟೆ ಇಳಿಸುತ್ತಾ ಹೇಳಿದ್ದ, “ಮಾಸ್ತರೇ, ಮರಳುಗಾಡಲ್ಲಿ ಹಸಿರು ಕಂಡ್ರೆ ಒಂಟೆನೂ ಬರುತ್ತೆ, ಗುಂಡೂ ಬರುತ್ತೆ.” ಆಮೇಲೆ ಹೊಸ ಆಜ್ಞೆ: ತೋಳಿನ ಮೇಲೂ ಬೇಡ, ಕಾಲರಿನ ಮೇಲೂ ಬೇಡ. ಹುದ್ದೆಯ ಗುರುತು ಎದೆಯ ನಡುವೆ ಒಂದೇ ಕಡೆ, ಮರಳುಬಣ್ಣದ ಬಟ್ಟೆಯ ಮೇಲೆ ಕಂದು ದಾರದಲ್ಲಿ. ಸಿಪಾಯಿಗಳ ಗೆರೆಗೆ ಚೌಕದ ಬಿಲ್ಲೆ, ಅಧಿಕಾರಿಗಳ ನಕ್ಷತ್ರಕ್ಕೆ ಎರಡು ಬೆರಳಗಲದ ಕಿರಿದಾದ ಬಿಲ್ಲೆ. ಬಲಜೇಬಿನ ಮೇಲೆ ಹೆಸರಿನ ಪಟ್ಟಿ, ಹೆಸರು ಎಷ್ಟುದ್ದವೋ ಪಟ್ಟಿಯೂ ಅಷ್ಟೇ ಉದ್ದ. ನೀನೂ ಅಮ್ಮನೂ ಗೋಡೆಗೊರಗಿ ಕೂತು ಹಸಿರು ಬಿಲ್ಲೆಗಳ ಹೊಲಿಗೆ ಬಿಚ್ಚುತ್ತಿದ್ದಿರಿ, ನಾನು ಯಂತ್ರ ತುಳಿಯುತ್ತಿದ್ದೆ. ಅಮ್ಮನ ಸೀರೆಯೆಲ್ಲ ಹಸಿರು ದಾರದ ಚೂರು.

ಕಂದು ದಾರವಾದರೂ ಕಾಣುವವರಿಗೆ ಕಂಡೇ ಕಾಣುತ್ತದೆ. ದೂರದರ್ಶಕ ಇಟ್ಟುಕೊಂಡು ದಿಬ್ಬದ ಮೇಲೆ ಮಲಗಿದವನಿಗೆ ಗೆರೆ ಯಾವುದು ನಕ್ಷತ್ರ ಯಾವುದು ಎಂದು ಗೊತ್ತಾಗುತ್ತಿತ್ತು. ಗೆರೆಯವರನ್ನು ಬಿಟ್ಟು ನಕ್ಷತ್ರದವರನ್ನೇ ಆರಿಸಿ ಹೊಡೆಯುತ್ತಿದ್ದರಂತೆ. ಅದಕ್ಕೇ ಕೆಲವು ಅಧಿಕಾರಿಗಳು ಚೀಲದ ಪಟ್ಟಿಯನ್ನು ಬಿಲ್ಲೆಯ ಮೇಲೆ ಬರುವ ಹಾಗೆ ಹಾಕಿಕೊಳ್ಳುತ್ತಿದ್ದರು, ಕೆಲವರು ಸುಮ್ಮನೆ ಕೈಕಟ್ಟಿಕೊಂಡೇ ಓಡಾಡುತ್ತಿದ್ದರು. ಬಿಲ್ಲೆ ಕಿತ್ತುಹಾಕುವುದಕ್ಕೆ ಮಾತ್ರ ಅಪ್ಪಣೆ ಇರಲಿಲ್ಲ, ಗುರುತಿಲ್ಲದೆ ಸಿಕ್ಕಿದವನಿಗೆ ಶಿಕ್ಷೆ. ನಿನ್ನ ತಮ್ಮ ರಜೆಯಲ್ಲಿ ಬಂದಾಗ ಇದೇ ಅಂಗಡಿಯಲ್ಲಿ ಕೂತು ನಕ್ಕಿದ್ದ: “ಅಪ್ಪಾ, ನಮ್ಮ ಉದ್ದ ಸಾಹೇಬ್ರು ಆ ಸೆಕೆಯಲ್ಲೂ ಕೊರಳಿಗೆ ಶಾಲು ಸುತ್ಕೊಂಡು ಎದೆ ಮುಚ್ಕೋತಾರೆ. ಕೇಳಿದ್ರೆ ಕೆಮ್ಮು ಅಂತಾರೆ.” ಉದ್ದ ಸಾಹೇಬರೆಂದರೆ ಅವನು ಯಾರ ಗಾಡಿ ಓಡಿಸುತ್ತಿದ್ದನೋ ಆ ಕ್ಯಾಪ್ಟನ್ನು. ಆರಡಿ ಮೂರಂಗುಲ, ಅವರ ಅಳತೆ ತೆಗೆಯಲು ನಾನು ಸ್ಟೂಲು ಹತ್ತಬೇಕು. ದೊಡ್ಡವರನ್ನು ಕಂಡು ನಗಬಾರದು ಎಂದು ಅವನಿಗೆ ಗದರಿದ್ದೆ. ಆ ರಜೆಯಲ್ಲೇ ಅವನ ಎರಡು ಅಂಗಿಗಳ ಬಲತೋಳನ್ನು ಒಂದು ಬೆರಳು ಒಳಗೆ ತೆಗೆದುಕೊಟ್ಟೆ. ಚಿಕ್ಕವನಿದ್ದಾಗ ಕಾಂಪೌಂಡ್ ಗೋಡೆಯಿಂದ ಬಿದ್ದು ಮುರಿದ ಕೈ, ಎಡಗೈಗಿಂತ ಒಂದು ಬೆರಳು ಗಿಡ್ಡ. ದಂಡಿನ ಡಾಕ್ಟರಿಗೇ ಗೊತ್ತಾಗಿರಲಿಲ್ಲ, ಅಪ್ಪನಿಗೆ ಗೊತ್ತಿತ್ತು.

ಆಮೇಲಿನದು ನಿನಗೆ ಗೊತ್ತೇ ಇದೆ. ಆದರೂ ಬರೆಯುತ್ತೇನೆ, ನಾನು ಅದನ್ನು ಒಂದು ಸಲವೂ ಬಾಯಿಬಿಟ್ಟು ಹೇಳಿಲ್ಲ. ಬಂದ ಸರ್ಕಾರಿ ಕಾಗದದಲ್ಲಿ ಇದ್ದದ್ದು ಇಷ್ಟು: ಡ್ರೈವರು ಆಜ್ಞೆ ಮೀರಿ ಗಾಡಿಯಿಂದ ಇಳಿದ, ಗುಂಡು ಬಿತ್ತು, ಸತ್ತ. ಕ್ಯಾಪ್ಟನ್ನು ಗುಂಡಿನ ಮಳೆಯಲ್ಲಿ ಅವನ ಹೆಣವನ್ನು ಗಾಡಿಗೆ ಎಳೆದುಕೊಂಡು, ತಾವೇ ಚಕ್ರ ಹಿಡಿದು ಇಪ್ಪತ್ತು ಮೈಲಿ ಓಡಿಸಿಕೊಂಡು ಬಂದರು. ಅವರಿಗೆ ಪದಕ. ಆಜ್ಞೆ ಮೀರಿದವನಾದ್ದರಿಂದ ನಿನ್ನ ತಮ್ಮನ ಹೆಸರು ಸತ್ತವರ ಗೌರವದ ಪಟ್ಟಿಯಲ್ಲೂ ಇಲ್ಲ. ಪತ್ರಿಕೆಯಲ್ಲಿ ಆ ಕ್ಯಾಪ್ಟನ್ನು ಗಾಡಿಯಿಂದ ಇಳಿಯುತ್ತಿರುವ ಫೋಟೋ ಬಂತು, ಎದೆಯ ಮೇಲೆ ನಕ್ಷತ್ರ ಇಲ್ಲ, ತೋಳು ಮೊಣಕೈವರೆಗೆ ಮಡಚಿದೆ. ‘ಸಿಪಾಯಿಗಳ ಜೊತೆ ಸಿಪಾಯಿಯಾದ ಅಧಿಕಾರಿ’ ಎಂದು ಕೆಳಗೆ ಬರೆದಿದ್ದರು. ನಮ್ಮ ಮನೆಗೆ ಬಂದದ್ದು ಮೊಳೆ ಹೊಡೆದ ಪೆಟ್ಟಿಗೆ, ಅದರ ಮೇಲೆ ತೆರೆಯಬೇಡಿ ಎಂಬ ಚೀಟಿ.

ನೀನು ಆವತ್ತು ಎಲ್ಲರ ಎದುರು ಕೇಳಿದೆ. ಅವನು ಹೇಳಿದ ಮಾತು ಮೀರುವ ಹುಡುಗನೇ? ಪೆಟ್ಟಿಗೆ ಯಾಕೆ ತೆರೆಯಬಾರದು? ಸತ್ತಾಗ ಮೈಮೇಲಿದ್ದ ಬಟ್ಟೆಯನ್ನೂ ಮನೆಗೆ ಕಳಿಸುವುದು ದಂಡಿನ ರೂಢಿ, ಹಾಗಾದರೆ ಅವನ ಸಾಮಾನಿನ ಚೀಲದಲ್ಲಿ ಎರಡು ಅಂಗಿ ಇರಬೇಕಾದ ಕಡೆ ಒಂದೇ ಯಾಕಿದೆ? ವಿಚಾರಣೆ ಮಾಡಿಸೋಣ ಎಂದೆ. ಅದೇ ವಾರ ಮರಳು ಸಮವಸ್ತ್ರದ ಬಿಲ್ಲೆ ಹೊಲಿಯುವ ಗುತ್ತಿಗೆ ಹೊಸದಾಗಿ ಬರೆಯಬೇಕಿತ್ತು. ಆಫೀಸಿನಲ್ಲಿ ಎರಡು ಕಾಗದಗಳನ್ನು ಒಟ್ಟಿಗೆ ಇಟ್ಟರು, ಒಂದು ಗುತ್ತಿಗೆಯದು, ಇನ್ನೊಂದು ‘ಕುಟುಂಬದವರಿಗೆ ಯಾವ ಪ್ರಶ್ನೆಯೂ ಇಲ್ಲ’ ಎಂಬುದು. ಯಾರೂ ನನ್ನ ಕುತ್ತಿಗೆ ಹಿಡಿಯಲಿಲ್ಲ, ಹೆದರಿಸಲಿಲ್ಲ. ಕುರ್ಚಿ ಕೊಟ್ಟು, ನೀರು ಕೊಟ್ಟು, ಪೆನ್ನು ಕೊಟ್ಟರು. ಎರಡಕ್ಕೂ ಸಹಿ ಹಾಕಿದೆ. ಹೊಟ್ಟೆಪಾಡು ಎಂದು ನಿನ್ನ ಹತ್ತಿರ ಹೇಳಿದ್ದೆ. ಹೊಟ್ಟೆಯೂ ಅಲ್ಲ ಪಾಡೂ ಅಲ್ಲ ಕಣೇ. ಗೇಟಿನ ಎದುರಿನ ಅಂಗಡಿ, ಹೋಗುವವರು ಬರುವವರು ಹಾಕುವ ಸಲಾಮು, ಅದೆಲ್ಲಿ ಹೋಗಿಬಿಡುತ್ತದೋ ಎಂಬ ಭಯ.

ಈಗ ಹೊಸ ವಿಷಯಕ್ಕೆ ಬರುತ್ತೇನೆ. ದಂಡಿನ ಒಳಗೆ ಒಂದು ಸಂಗ್ರಹಾಲಯ ಮಾಡಿದ್ದಾರೆ. ಹಳೆಯ ಕುದುರೆ ಲಾಯವನ್ನು ಸುಣ್ಣ ಹೊಡೆಸಿ, ಗಾಜಿನ ಪೆಟ್ಟಿಗೆಗಳನ್ನು ಇಟ್ಟು, ಮರಳುಗಾಡಿನ ಯುದ್ಧದ ಸಾಮಾನು ಜೋಡಿಸಿದ್ದಾರೆ. ಒಂದೂವರೆ ತಿಂಗಳ ಹಿಂದೆ ಉಗ್ರಾಣದವನು ಐದು ಅಂಗಿಗಳ ಗಂಟು ತಂದು ನನ್ನ ಮೇಜಿನ ಮೇಲಿಟ್ಟ. ಐದು ಬೊಂಬೆಗಳಿಗೆ ತೊಡಿಸಬೇಕು, ಬಿಲ್ಲೆಗಳು ಯಾವ ಕಾಲದಲ್ಲಿ ಎಲ್ಲೆಲ್ಲಿ ಇದ್ದವೋ ಹಾಗೇ ಇರಬೇಕು, ಇದನ್ನು ತಿಳಿದವನು ಈ ಊರಲ್ಲಿ ನಾನೊಬ್ಬನೇ. ಹೊಗಳಿಸಿಕೊಂಡು ಉಬ್ಬಿದೆ, ಸುಳ್ಳು ಹೇಳಲಾರೆ. ನಾಲ್ಕು ಅಂಗಿಗಳು ಯಾರ್ಯಾರವೋ. ಐದನೆಯದಕ್ಕೆ ಒಂದು ಚೀಟಿ ಗುಂಡುಪಿನ್ನಿನಲ್ಲಿ ಚುಚ್ಚಿತ್ತು. ಉದ್ದ ಸಾಹೇಬರು, ಅವರೀಗ ಮೇಜರು, ತಮ್ಮ ಕೈಯಲ್ಲೇ ಬರೆದದ್ದು: ‘ಆ ದಿನ ನಾನು ತೊಟ್ಟಿದ್ದ ಅಂಗಿ. ಬಿಲ್ಲೆ ಮತ್ತು ಹೆಸರು ಸೊಟ್ಟ ಇವೆ, ನೇರ ಮಾಡಿ.’

ಸೊಟ್ಟ ಇದ್ದದ್ದು ನಿಜ. ಹೊಲಿಗೆ ಬಾರದವರು ಹೊಲಿದ ದಪ್ಪ ದಪ್ಪ ಕೈಹೊಲಿಗೆ. ಕಿಟಕಿಯ ಬೆಳಕಿಗೆ ಹಿಡಿದು ಮೊದಲು ಹೆಸರಿನ ಪಟ್ಟಿ ಬಿಚ್ಚಿದೆ. ಮಗಳೇ, ಮರಳುಗಾಡಿನ ಬಿಸಿಲು ಎಂಥದೆಂದರೆ ಆ ಬಟ್ಟೆ ಒಂದೇ ಬೇಸಿಗೆಯಲ್ಲಿ ಬೂದಿಯ ಹಾಗೆ ಬಿಳಿಚಿಕೊಳ್ಳುತ್ತದೆ. ಬಿಲ್ಲೆಯ ಕೆಳಗಿನ ಬಟ್ಟೆ ಮಾತ್ರ ಅಂಗಡಿಯಿಂದ ತಂದ ಹಾಗೇ ಉಳಿದಿರುತ್ತದೆ, ಬಳೆ ತೆಗೆದ ಕೈಯ ಹಾಗೆ. ಸಾಹೇಬರ ಹೆಸರಿಗೆ ಏಳು ಅಕ್ಷರ, ಪಟ್ಟಿ ಗೇಣುದ್ದ. ಅದರ ಕೆಳಗೆ ಬಣ್ಣ ಉಳಿದಿದ್ದ ಜಾಗ ಅದರ ಅರ್ಧವೂ ಇರಲಿಲ್ಲ. ಮೂರು ಅಕ್ಷರದ ಹೆಸರಿನಷ್ಟು. ಎದೆಯ ನಡುವಿನ ನಕ್ಷತ್ರದ ಬಿಲ್ಲೆ ಬಿಚ್ಚಿದೆ. ಕಿರಿದಾದ ಬಿಲ್ಲೆಯ ಕೆಳಗೆ ಅಂಗೈಯಗಲದ ಚೌಕ, ಗೆರೆಯವರ ಚೌಕ. ನನ್ನ ಕೈ ತಾನಾಗಿಯೇ ಬಲತೋಳಿನ ಒಳಕ್ಕೆ ಹೋಯಿತು. ಒಂದು ಬೆರಳು ಒಳಗೆ ತೆಗೆದ ಮಡಿಕೆ, ನನ್ನ ಹೊಲಿಗೆ, ಕೊನೆಯಲ್ಲಿ ನಾನು ಯಾವಾಗಲೂ ಹಾಕುವ ಎರಡು ಗಂಟು. ನಿನ್ನ ತಮ್ಮನ ಅಂಗಿ ಕಣೇ. ನೀನು ಕೇಳಿದ್ದೆಯಲ್ಲ, ಇನ್ನೊಂದು ಅಂಗಿ ಎಲ್ಲಿ ಎಂದು. ಐದು ವರ್ಷವಾದ ಮೇಲೆ ನಿನ್ನ ಪ್ರಶ್ನೆಗೆ ಉತ್ತರ ನನ್ನ ತೊಡೆಯ ಮೇಲೆ ಬಿದ್ದಿತ್ತು.

ಆ ಅಂಗಿಯ ತೋಳು ಸಾಹೇಬರಿಗೆ ಮಣಿಕಟ್ಟು ಮುಟ್ಟುವುದೇ ಇಲ್ಲ, ನಾಲ್ಕು ಬೆರಳು ಮೇಲೆಯೇ ನಿಲ್ಲುತ್ತದೆ. ಫೋಟೋದಲ್ಲಿ ತೋಳು ಯಾಕೆ ಮಡಚಿತ್ತು ಎಂದು ಆಗ ತಿಳಿಯಿತು. ಮರಳುಗಾಡಿನಲ್ಲಿ ತೋಳು ಮಡಚಬಾರದು, ಬಿಸಿಲಿಗೆ ಚರ್ಮ ಬೇಯುತ್ತದೆ, ಅದೂ ಆಜ್ಞೆಯೇ. ಆ ಫೋಟೋವನ್ನು ಕತ್ತರಿಸಿ ನಾನೇ ಅಂಗಡಿಯ ಗೋಡೆಗೆ ಅಂಟಿಸಿಕೊಂಡಿದ್ದೆ. ದಿನಾ ನೋಡುತ್ತಿದ್ದೆ. ಕಣ್ಣಿಗೆ ಪೊರೆ ಬಂದದ್ದು ಈ ವರ್ಷ ಎಂದು ಡಾಕ್ಟರು ಹೇಳುತ್ತಾರೆ, ಅವರಿಗೇನು ಗೊತ್ತು.

ಮಧ್ಯಾಹ್ನ ಊಟಕ್ಕೆ ಹೋದಾಗ ನಿನ್ನ ಅಮ್ಮನಿಗೆ ಹೇಳಿದೆ. ಅವಳು ಅಳುತ್ತಾಳೆ ಎಂದುಕೊಂಡಿದ್ದೆ. ತಟ್ಟೆ ಮುಂದೆ ತಳ್ಳಿ ಹೇಳಿದಳು: “ಅವತ್ತು ಸಹಿ ಹಾಕಿ ಬಂದ್ರಲ್ಲ, ಕೈ ನೋಡಿದ್ದೆ ನಾನು. ಒಂದು ಚೂರೂ ನಡುಗ್ತಿರಲಿಲ್ಲ. ಈಗ ನಡುಗುತ್ತಾ? ನಡುಗಲಿ.” ಅಷ್ಟೇ. ನಾನು ಉಣ್ಣಲಿಲ್ಲ, ಅವಳು ಉಣ್ಣು ಎನ್ನಲಿಲ್ಲ.

ನಾಲ್ಕು ದಿನ ಬಿಟ್ಟು ಉದ್ದ ಸಾಹೇಬರು ಅಂಗಡಿಗೆ ಬಂದರು, ಸಂಗ್ರಹಾಲಯ ತೆರೆಯುವ ದಿನಕ್ಕೆ ಹೊಸ ಕೋಟಿನ ಅಳತೆ ನೋಡಿಸಲು. ಬಾಗಿಲು ಹಾಕಿದೆ. ಸ್ಟೂಲು ಹತ್ತಿ ಹೆಗಲಿಗೆ ಸೀಮೆಸುಣ್ಣ ಎಳೆದೆ, ಇಳಿದು ತೋಳಿಗೆ ಪಿನ್ನು ಹಾಕುತ್ತಾ ಕೇಳಿದೆ, “ಸಾಹೇಬ್ರೇ, ಅವತ್ತಿನ ಅಂಗಿ ನಿಮಗೆ ತೋಳಲ್ಲಿ ಬಿಗಿ ಆಗಲಿಲ್ವಾ?” ಬೇರೆ ಏನೂ ಹೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗೆ ಅವರ ಕೈ ಎದೆಯ ನಡುವಿಗೆ ಹೋಯಿತು, ಬಿಲ್ಲೆಯ ಜಾಗಕ್ಕೆ. ಆಮೇಲೆ ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟರು, ಅರ್ಧ ಪಿನ್ನು ಹಾಕಿದ ಕೋಟಿನಲ್ಲೇ.

ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ. “ಆ ವಾರ ನಮ್ಮವರು ಮೂವರು ಆಫೀಸರು ಹೋಗಿದ್ರು ಮಾಸ್ತರೇ, ಮೂವರಿಗೂ ಎದೆಗೇ ಬಿದ್ದಿತ್ತು. ನನ್ನ ಹೆಂಡತಿ ಆಗ ತುಂಬು ಬಸುರಿ. ಬೆಳಿಗ್ಗೆ ಗಾಡಿ ಹತ್ತೋವಾಗ ಶಾಲು ಬಿಚ್ಚಿ ಬಿಚ್ಚಿ ಎದೆ ಮೇಲೆ ಸುತ್ಕೋತಿದ್ದೆ. ನಿಮ್ಮ ಮಗ ನೋಡಿದ. ‘ಸಾರ್, ನಿಮ್ಮ ಅಂಗಿ ನನಗೆ ಕೊಡಿ, ನಾನು ಇವತ್ತೊಂದಿನ ಸಾಹೇಬ ಆಗ್ತೀನಿ, ನೀವು ಗಾಡಿ ಓಡ್ಸಿ’ ಅಂದ. ಅವನೇ ಅಂದಿದ್ದು, ನಾನು ಕೇಳಲಿಲ್ಲ.” ನಾನು ಕೇಳಿದೆ, “ನಗ್ತಾ ಹೇಳಿದ್ನಾ?” ಸಾಹೇಬರು ತಲೆ ತಗ್ಗಿಸಿದರು. “ಹೌದು, ನಗ್ತಾನೇ.” “ಅವನು ಎಲ್ಲದಕ್ಕೂ ನಗ್ತಿದ್ದ ಸಾಹೇಬ್ರೇ. ತಮಾಷೆಗೆ ಅಂದಿದ್ದು. ನೀವು ನಿಜ ಅಂದ್ಕೊಂಡು ಬಿಚ್ಚಿ ಕೊಟ್ಟುಬಿಟ್ರಾ?”

ನಿನ್ನ ತಮ್ಮ ಗಾಡಿಯಿಂದ ಇಳಿದೇ ಇರಲಿಲ್ಲ. ಸಾಹೇಬರ ಸೀಟಿನಲ್ಲಿ, ಸಾಹೇಬರ ಅಂಗಿಯಲ್ಲಿ ಕೂತಿದ್ದ. ಮುಂದಿನ ಗಾಜು ಒಡೆದು ಗುಂಡು ನೇರ ನಕ್ಷತ್ರದ ಕೆಳಕ್ಕೆ ಬಂತು. ಸಾಹೇಬರು ಚಕ್ರ ಹಿಡಿದೇ ಇದ್ದರು, ತಿರುಗಿಸಿಕೊಂಡು ಬಂದರು. ಪದಕ ಬಂದದ್ದು ಅದಕ್ಕೆ. ಹಾಗಾದರೆ ಅವನು ಆಜ್ಞೆ ಮೀರಿ ಇಳಿದ ಎಂದು ಬರೆದದ್ದು ಯಾಕೆ ಎಂದು ಕೇಳಿದೆ. “ಸೀಟಲ್ಲಿ ಕೂತಿದ್ದ ಅಂತ ಬರೆದಿದ್ರೆ, ಡ್ರೈವರು ಆ ಸೀಟಲ್ಲಿ ಯಾಕೆ ಕೂತಿದ್ದ ಅಂತ ಕೇಳ್ತಿದ್ರು ಮಾಸ್ತರೇ.” ಎಷ್ಟು ಸುಲಭದ ಲೆಕ್ಕ ನೋಡು. ಇನ್ನೂ ಒಂದು ಕೇಳಬೇಕಿತ್ತು, ಕೇಳಬಾರದಿತ್ತು. ನಿಮ್ಮ ಅಂಗಿ ಏನಾಯಿತು ಎಂದೆ. ಅದು ಅವನ ಮೈಮೇಲೇ ಉಳಿಯಿತಂತೆ, ಹಾಗೇ ಪೆಟ್ಟಿಗೆಗೆ ಹೋಯಿತಂತೆ. ಅಂದರೆ ನಾವು ಮಣ್ಣು ಮಾಡಿದ್ದು ಅವನನ್ನು ಬೇರೆಯವರ ಅಂಗಿಯಲ್ಲಿ. ದಂಡಿನ ಠಾಣೆ ಸಿಗುವ ಮುಂಚೆ ಗಾಡಿ ನಿಲ್ಲಿಸಿ ಆ ಅಂಗಿಯಿಂದ ನಕ್ಷತ್ರವನ್ನೂ ಹೆಸರನ್ನೂ ಕಿತ್ತು ಜೇಬಿಗೆ ಹಾಕಿಕೊಂಡರು. ತಾವು ತೊಟ್ಟಿದ್ದ ಅಂಗಿಯಿಂದ ಅವನ ಹೆಸರನ್ನೂ ಗೆರೆಯನ್ನೂ ಕಿತ್ತು ಮರಳಿಗೆ ಎಸೆದರು. ಆಮೇಲೆ ಯಾವತ್ತೋ ಬಾಗಿಲು ಹಾಕಿಕೊಂಡು, ತಮ್ಮದನ್ನು ಅವನ ಅಂಗಿಗೆ ತಾವೇ ಹೊಲಿದುಕೊಂಡರು. ನಾನು ಬಿಚ್ಚಿದ ನಕ್ಷತ್ರದ ಬಿಲ್ಲೆಯ ಅಂಚು ಗಂಜಿ ಹಾಕಿದ ಹಾಗೆ ಗಡುಸಾಗಿತ್ತು, ಕಪ್ಪಾಗಿತ್ತು. ಗಾಡಿಯ ಎಣ್ಣೆ ಎಂದುಕೊಂಡಿದ್ದೆ. ಹಲ್ಲಿನಿಂದ ದಾರ ಕಚ್ಚಿದ್ದೆ ಮಗಳೇ ಅದನ್ನು ಬಿಚ್ಚುವಾಗ.

ಸಾಹೇಬರು ಅತ್ತರು. ನಿಜವಾಗಿ ಅತ್ತರು, ಅದನ್ನು ಬಚ್ಚಿಡುವುದಿಲ್ಲ. ಕಣ್ಣೊರೆಸಿಕೊಂಡ ಮೇಲೆ ಮತ್ತೆ ಮೇಜರಾದರು. ಸಂಗ್ರಹಾಲಯದ ಗೋಡೆಯ ಮೇಲೆ ಸತ್ತವರ ಹೆಸರು ಬರೆಸುತ್ತಿದ್ದಾರಂತೆ, ಅದರಲ್ಲಿ ಇವನದನ್ನೂ ಸೇರಿಸುತ್ತೇನೆ ಎಂದರು. “ಯಾರೂ ಕೇಳಲ್ಲ, ನಾನು ನೋಡ್ಕೋತೀನಿ. ನೀವು ಆ ಬಿಲ್ಲೆಗಳನ್ನ ಹೊಲಿದು ಕೊಟ್ಬಿಡಿ, ಕೆಳಗಿನ ಗುರುತು ಕಾಣದ ಹಾಗೆ. ನಿಮ್ಮ ಕೈ ಎಂಥದು ಅಂತ ನನಗೆ ಗೊತ್ತಿಲ್ವಾ?” ನಾನು ಏನು ಮಾಡಿದೆ ಗೊತ್ತೇ? ಮೊಣಕಾಲೂರಿ ಕೂತು, ಉಳಿದ ಪಿನ್ನುಗಳನ್ನು ಹಾಕಿ, “ಉದ್ದ ಇಷ್ಟು ಸಾಕಾ ಸಾಹೇಬ್ರೇ?” ಎಂದು ಕೇಳಿದೆ. ನಲವತ್ತು ವರ್ಷದ ಬಾಯಿ, ಬೇರೆ ಮಾತು ಬರಲಿಲ್ಲ. ಅವರು ಹೋದ ಮೇಲೆ ಗೋಡೆಯ ಫೋಟೋ ಕಿತ್ತೆ. ಸುಣ್ಣವೂ ಅದರ ಜೊತೆಗೇ ಬಂತು.

ಕಳೆದ ಬುಧವಾರ ಐದು ಬೊಂಬೆಗಳಿಗೂ ತೊಡಿಸಿ ಕೊಟ್ಟೆ. ಮೊನ್ನೆ ಶುಕ್ರವಾರ ಬೆಳಿಗ್ಗೆ ಸಂಗ್ರಹಾಲಯ ತೆರೆದರು. ನಿನ್ನ ಅಮ್ಮ ಬರಲಿಲ್ಲ. ನಾನು ಹೋಗಿ ಹಗ್ಗದ ಆಚೆ ನಿಂತಿದ್ದೆ. ಮೊದಲ ಬೊಂಬೆಗೆ ಹಸಿರು ಬಿಲ್ಲೆಯ ಅಂಗಿ, ಎರಡನೆಯದಕ್ಕೆ ತೋಳಿನ ಗೆರೆ ಕಿತ್ತದ್ದು, ಹೀಗೆ ಸಾಲಾಗಿ. ಐದನೆಯದರ ಕೆಳಗೆ ಹಿತ್ತಾಳೆ ಹಲಗೆಯಲ್ಲಿ ಸಾಹೇಬರ ಏಳು ಅಕ್ಷರದ ಹೆಸರು, ಪದಕದ ಕಥೆ. ಬಂದವರೆಲ್ಲ ಅದರ ಮುಂದೆಯೇ ಹೆಚ್ಚು ಹೊತ್ತು ನಿಂತರು. ಗೋಡೆಯ ಮೇಲೆ ನಿನ್ನ ತಮ್ಮನ ಹೆಸರೂ ಇತ್ತು, ಎಲ್ಲಕ್ಕಿಂತ ಕೆಳಗೆ, ಉಳಿದದ್ದಕ್ಕಿಂತ ಹೊಸ ಬಣ್ಣದಲ್ಲಿ, ಇನ್ನೂ ಹಸಿ. ಮುಟ್ಟಿದೆ, ಬೆರಳಿಗೆ ಅಂಟಿತು. ಉದ್ದ ಸಾಹೇಬರು ಹೊಸ ಕೋಟಿನಲ್ಲಿ ಗಾಜಿನ ಪೆಟ್ಟಿಗೆಯ ಮುಂದೆ ಬಂದು ನಿಂತರು. ಅಂಗಿಯ ತೋಳನ್ನೇ ಬಹಳ ಹೊತ್ತು ನೋಡಿದರು. ಆಮೇಲೆ ತಿರುಗಿ ಜನರ ನಡುವೆ ನನ್ನನ್ನು ಹುಡುಕಿ ನೋಡಿದರು. ಹಸ್ತಲಾಘವಕ್ಕೆ ಯಾರೋ ಕೈ ಚಾಚಿದರು, ಅತ್ತ ಹೋದರು.

ನಿನಗೆ ಬರೆಯಬೇಕಾದ್ದು ಇಷ್ಟು. ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ಕೊಡಬೇಕಾದ ಕಷ್ಟ ನಿನಗೆ. ನೀನು ಹೇಳಿದ್ದೇ ಸರಿ ಎಂದು ನನ್ನ ಕೈಯಾರೆ ಬರೆದುಕೊಟ್ಟ ಹಾಗಾಯಿತು, ಸಾಕು. ಮಣಿಕಟ್ಟಿನ ಮೇಲೆ ನಿಗಾ ಇರಲಿ. ನಿನ್ನ ಯಜಮಾನರಿಗೆ ನನ್ನ ನಮಸ್ಕಾರ ಹೇಳು, ಅವರು ಸ್ವೀಕರಿಸುವುದಾದರೆ. ನೀನು ಹೋದ ಕಡೆ ನಿನ್ನ ಮಾತು ನಡೆಯಲಿ, ಯಾರ ಮುಂದೆಯೂ ನೀನು ಮೊಣಕಾಲೂರದ ಹಾಗಾಗಲಿ. ಇದೊಂದೇ ನನ್ನ ಆಶೀರ್ವಾದ.

ನಿನ್ನ ಅಪ್ಪ,
ದಂಡಿನ ದರ್ಜಿ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಮನಸ್ಸು ಬಂದಿರಲಿಲ್ಲ. ಗಾಜಿನ ಪೆಟ್ಟಿಗೆಯಲ್ಲಿರುವುದು ನಿನ್ನ ತಮ್ಮನ ಅಂಗಿ ಅಲ್ಲ. ತೇಪೆಗೆಂದು ಕೊಟ್ಟಿದ್ದ ಆ ಮರಳುಬಟ್ಟೆಯ ಮೊದಲ ತಾನಿನ ತುಂಡು ನನ್ನ ಹತ್ತಿರ ಉಳಿದಿತ್ತು, ಅದರಲ್ಲಿ ಹೊಸದೊಂದನ್ನು ಹೊಲಿದು, ಸೋಡಾ ನೀರಲ್ಲಿ ಕುದಿಸಿ, ನಿನ್ನ ಅಮ್ಮ ಹದಿನೈದು ದಿನ ಮಾಳಿಗೆಯ ಬಿಸಿಲಿಗೆ ಹಾಕಿದಳು. ಅದರ ಕಾಜ ಎಲ್ಲ ಅವಳದೇ. ಬಿಲ್ಲೆ, ಹೆಸರು ಎಲ್ಲ ಹೊಸದು. ತೋಳು ಮಾತ್ರ ಸಾಹೇಬರ ಅಳತೆಗೆ ಬಿಟ್ಟೆ, ಅವರಿಗೆ ಗೊತ್ತಾಗಲಿ ಎಂದೇ. ಗೊತ್ತಾಗಿದೆ. ಈಗ ತಾನೆ ಉಗ್ರಾಣದವನು ಬಂದು, ಹಳೇ ತುಂಡು ಏನಾದ್ರೂ ಉಳಿದಿದ್ರೆ ಕೊಡಬೇಕಂತೆ, ಸಾಹೇಬ್ರು ಮಧ್ಯಾಹ್ನ ತಾವೇ ಬರ್ತಾರಂತೆ ಎಂದು ಹೇಳಿ ಹೋದ. ನಿನ್ನ ತಮ್ಮನ ಮೈ ಸೋಕಿದ ಬಟ್ಟೆ, ಸಾಯುವವರೆಗೂ ನನ್ನ ಟ್ರಂಕಿನಲ್ಲೇ ಇರಲಿ ಎಂದು ಆಸೆಪಟ್ಟಿದ್ದೆ. ಇನ್ನು ಇಲ್ಲಿಡುವ ಹಾಗಿಲ್ಲ. ಗುಂಡಿ ಮಾರುವವನು ನಿಮ್ಮೂರ ಬಸ್ಸಿಗೆ ಹೊರಟು ಬಾಗಿಲಲ್ಲಿ ನಿಂತಿದ್ದಾನೆ, ಅವನ ಕೈಯಲ್ಲೇ ಈ ಕಾಗದ, ಈ ಗಂಟು. ಅಂಗಿ, ಕಿತ್ತ ಬಿಲ್ಲೆ, ಸಾಹೇಬರು ಬರೆದ ಚೀಟಿ ಮೂರೂ ಒಳಗಿವೆ. ಸಾಹೇಬರು ಹೇಳಿದ್ದೆಲ್ಲ ಬರೆದು ಸಹಿ ಹಾಕಿದ್ದೇನೆ, ಗುತ್ತಿಗೆಗಾಗಿ ಬಾಯಿ ಮುಚ್ಚಿಕೊಂಡಿದ್ದೆ ಎಂಬುದನ್ನೂ ಸೇರಿಸಿ. ಐದು ವರ್ಷದ ಹಿಂದೆ ನೀನು ಕೇಳಿದ ವಿಚಾರಣೆಯನ್ನು ಈಗ ಕೇಳು. ನನ್ನ ಹೆಸರು ಉಳಿಸಲು ನೋಡಬೇಡ. ಮುಖ್ಯವಾದ್ದು ಇದು, ಅಂಗಿಯನ್ನೂ ಬಿಲ್ಲೆಯನ್ನೂ ಒಗೆಯಬೇಡ, ಅಮ್ಮನ ಮೇಲಾಣೆ, ಎಷ್ಟೇ ಅನ್ನಿಸಿದರೂ ನೀರು ಮುಟ್ಟಿಸಬೇಡ.